ಅಳಿಯನ ಅರ್ಧ ಆಟ

ನನ್ನ ಮದುವೆಯ ಮಾತುಕತೆ ಮುರಿದು ಬೀಳುವ ಹಾಗಾದದ್ದು ಒಡವೆಯಿಂದಲ್ಲ, ಸೀರೆಯಿಂದಲ್ಲ, ಫುಟ್‌ಬಾಲಿನಿಂದ. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಆ ಮಾತು ಎದ್ದಾಗ ಪಣಕಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದ ಒಬ್ಬರ ಮುಖದಲ್ಲೂ ನಗು ಇರಲಿಲ್ಲ.

ನಾನು ಅಪ್ಪನಿಗೆ ಒಬ್ಬಳೇ ಮಗಳು. ಹೊಲವಿತ್ತು, ಎತ್ತುಗಳಿದ್ದವು, ಅಪ್ಪನ ಹಟವಂತೂ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಗಂಡು ಮಗ. ಅದಕ್ಕೇ ಮನೆ ಅಳಿಯನನ್ನೇ ತರಬೇಕೆಂದು ತಿಗನಾರೆಯ ಒಂದು ಮನೆಯ ಕಿರಿಯ ಮಗನನ್ನು ಗೊತ್ತು ಮಾಡಿದ್ದರು. ಎಲ್ಲ ಮಾತೂ ಮುಗಿದು ತಾಂಬೂಲದ ತಟ್ಟೆ ಮುಂದಿಟ್ಟ ಹೊತ್ತಿಗೆ ತಿಗನಾರೆಯ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು.

"ಉಡ್ಗನ್ನ ಕೊಡಕ ನಮ್ಗೇನೂ ಅಡ್ಡಿ ಇಲ್ಲ ಯಜಮಾನ್ರೆ. ಆದ್ರ ಅವ್ನು ಈ ಊರ್ಗ ಬಂದ್ಬುಟ್ರ ನಮ್ಮ ಟೀಮ್‌ಗ ಯಾರು? ಗೋಲ್ ವಡಿಯೋನು ಅವ್ನೊಬ್ನೆ."

ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿದು ಹೋಯಿತು. ಹುಡುಗಿ ಕಪ್ಪೋ ಕೆಂಪೋ, ಮುದ್ದೆ ತಿರುವಲು ಬರುತ್ತದೋ ಇಲ್ಲವೋ ಒಬ್ಬರೂ ಕೇಳಲಿಲ್ಲ. ಚೆಂಡಿನ ಚಿಂತೆಯಂತೆ ಇವರಿಗೆ! ಅಪ್ಪ ಮಾತ್ರ ಎಲೆಗೆ ಸುಣ್ಣ ಸವರುತ್ತಾ ಹೇಳಿದರು:

"ಅಂಗಾರ ಅರ್ಧ ನೀವೇ ಇಟ್ಕಳಿ. ಆಟ್‌ದಲ್ಲಿ ಮೊದಲರ್ಧ ನಮ್ಮೂರ್ಗ ಆಡ್ಲಿ, ಇನ್ನರ್ಧ ನಿಮ್ಮೂರ್ಗ ಆಡ್ಲಿ. ಕಾಲ್ ಮುರ್ಕಂಡ್ರ ಮಾತ್ರ ಯಾವ ಅರ್ಧದಲ್ಲಿ ಮುರೀತು ಅಂತ ನೋಡಿ ಆ ಊರೋರು ಔಸ್ದಿ ಮಾಡ್ಸದು."

ಅಲ್ಲಿಗೆ ಎಲ್ಲರೂ ಗೊಳ್ಳೆಂದು ನಕ್ಕರು, ತಾಂಬೂಲ ಬದಲಾಯಿತು. ನಗದೆ ಕೂತಿದ್ದವರು ಒಬ್ಬರೇ, ಹುಡುಗನ ಅಣ್ಣ. ಅಂದರೆ ನನಗೆ ಭಾವನಾಗುವವರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ತಮಿಳುನಾಡಿಗೆ ಸೇರಿದ್ದರೂ ಕನ್ನಡ ಆಡುವ ನಮ್ಮ ತಾಳವಾಡಿ ಬೆಟ್ಟಕ್ಕೆ ಫುಟ್‌ಬಾಲು ತಂದವರು ಶಾಲೆಯ ಡ್ರಿಲ್ ಮೇಷ್ಟ್ರು. ಕೆಳಗಿನ ಬಯಲಿನವರು, ಮನೆಮಾತು ತಮಿಳು. ಕೆಳಗಿನಿಂದ ಬಂದ ಮೇಷ್ಟ್ರುಗಳೆಲ್ಲ ಇಲ್ಲಿಯ ಚಳಿಗೋ ಆನೆಗೋ ಹೆದರಿ ಬೇಗ ಬೇಗ ವರ್ಗ ಮಾಡಿಸಿಕೊಂಡು ಇಳಿದು ಹೋಗುತ್ತಿದ್ದರು. ಇವರು ಉಳಿದರು. ಮಕ್ಕಳಿಗೆ ಕಲಿಸಿದರು, ಆ ಮಕ್ಕಳು ಮೀಸೆ ಬಂದ ಗಂಡಸರಾದರೂ ಬಿಡದೆ ಸೀಟಿ ಊದಿ ಓಡಿಸುತ್ತಲೇ ಇದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಕನ್ನಡದೊಳಗೆ ಅರ್ಧ ತಮಿಳು ಕಲಸಿ ಮಾತಾಡುತ್ತಿದ್ದರು, ಒಳ್ಳೆಯ ಮನುಷ್ಯ.

ಬೆಳೆ ಇರುವ ತಿಂಗಳಲ್ಲಿ ಆಟವಿಲ್ಲ. ಗಂಡಸರೆಲ್ಲ ಹೊಲದ ಅಟ್ಟಣೆಯ ಮೇಲೆ ಆನೆ, ಹಂದಿ ಕಾಯುತ್ತಿರುತ್ತಿದ್ದರು. ರಾಗಿ ಒಕ್ಕಣೆ ಮುಗಿದು, ಎರಡೂರಿನ ನಡುವಿನ ಹಳೇ ಕೆರೆಯ ಅಂಗಳ ಒಣಗಿದ ಮೇಲೆ ಭಾನುವಾರ ಭಾನುವಾರ ಆಟ. ನಾಲ್ಕು ಬಿದಿರ ಗಳು ನೆಟ್ಟರೆ ಗೋಲು. ಬರಿಗಾಲು. ಚೆಂಡಿನ ಹೊಲಿಗೆ ಬಿಚ್ಚಿದರೆ ದಬ್ಬಣದಲ್ಲಿ ಹೊಲಿದು ಕೊಡುತ್ತಿದ್ದವಳು ನಾನು. ಪಣಕಹಳ್ಳಿಯವರು ಬನೀನು ಹಾಕಿಕೊಂಡು ಆಡಬೇಕು, ತಿಗನಾರೆಯವರು ಬರಿಮೈಯಲ್ಲಿ ಆಡಬೇಕು, ಗುರುತಿಗೆ ಅಷ್ಟೆ. ಕಳೆ ಕೀಳುವಾಗ ನಮ್ಮಲ್ಲಿ ಮುಯ್ಯಾಳು ಎಂದು ಹೋಗುವುದುಂಟಲ್ಲ, ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂದು, ಆ ಪದ್ಧತಿ ಕೆರೆ ಅಂಗಳಕ್ಕೂ ಬಂದಿತ್ತು. ಒಂದು ಕಡೆಗೆ ಆಳು ಕಮ್ಮಿಯಾದರೆ ಇನ್ನೊಂದು ಕಡೆಯವರು ಕೊಡುತ್ತಿದ್ದರು. ಕೊಟ್ಟ ಆಳು ಯಾರ ಕಡೆ ಹೋದನೋ ಅವರಿಗೇ ಪ್ರಾಣ ಬಿಟ್ಟು ಆಡಬೇಕು. ಇನ್ನೊಬ್ಬರ ಹೊಲದಲ್ಲಿ ಮೈಗಳ್ಳತನ ಮಾಡಿದವನಿಗೆ ನಮ್ಮ ಕಡೆ ಮರ್ಯಾದೆ ಇಲ್ಲ.

ಇವರು, ಅಂದರೆ ನನ್ನ ಗಂಡ, ಮದುವೆಯ ಮಾತಿನ ಪ್ರಕಾರವೇ ನಡೆದುಕೊಂಡರು. ಮೊದಲರ್ಧ ಬನೀನು ಹಾಕಿಕೊಂಡು ನಮ್ಮೂರಿಗೆ ಆಡುವುದು. ಅರ್ಧ ಆಟದ ಸೀಟಿ ಕೇಳುತ್ತಲೇ, ಕೆರೆ ಏರಿಯ ಮೇಲೆ ಕೂತಿರುತ್ತಿದ್ದ ನನ್ನ ಕಡೆ ಬನೀನು ಎಸೆದು ಬರಿಮೈಯಲ್ಲಿ ಆ ಕಡೆಗೆ ಓಡುವುದು. ಮೊದಲರ್ಧದಲ್ಲಿ ತಾವೇ ಹೊಡೆದ ಗೋಲನ್ನು ಎರಡನೇ ಅರ್ಧದಲ್ಲಿ ತಾವೇ ತೀರಿಸುತ್ತಿದ್ದರು. ನಮ್ಮೂರ ಹೆಂಗಸರು ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. "ನಿನ್ ಗಂಡ ಉಣ್ಣಾದು ಇಲ್ಲಿ, ವದಿಯಾದು ಇಲ್ಗೇಯ" ಎನ್ನುತ್ತಿದ್ದರು. "ನಿಮ್ ಗಂಡಂದ್ರು ಎಲ್ಲಿ ಉಂಡ್ರೂ ವದಿಯಾಕ್ಕೆ ಬರಲ್ವಲ್ಲ" ಎಂದು ನಾನೂ ತಿರುಗಿಸಿ ಕೊಡುತ್ತಿದ್ದೆ.

ಇಷ್ಟೇ ಆಗಿದ್ದರೆ ಬರೀ ತಮಾಷೆ. ಒಳಗೊಂದು ನೋವಿತ್ತು. ಇವರು ಟ್ರಂಕು ಹೊತ್ತುಕೊಂಡು ನಮ್ಮ ಮನೆಗೆ ಬಂದ ದಿನದಿಂದ ಭಾವ ಇವರ ಜೊತೆ ಮಾತು ಬಿಟ್ಟಿದ್ದರು. ಜಗಳವಿಲ್ಲ, ಬೈಗುಳವಿಲ್ಲ, ಮಾತೇ ಇಲ್ಲ. ಮಾವ ಬೇಗ ತೀರಿಹೋಗಿ, ತಮ್ಮನನ್ನು ಸಾಕಿ ಬೆಳೆಸಿದವರು ಭಾವನೇ. ಈಜು ಕಲಿಸಿದ್ದು, ನೇಗಿಲು ಹಿಡಿಸಿದ್ದು, ಎಲ್ಲ ಅವರೇ. ಸಂಬಂಧಕ್ಕೆ ಒಪ್ಪಿದ್ದು ಅತ್ತೆ. ತಮ್ಮ ಮತ್ತೊಬ್ಬರ ಹಟ್ಟಿ ಸೇರಿದ ಎಂಬುದು ಭಾವನ ಗಂಟಲಲ್ಲಿ ಮುಳ್ಳಾಗಿ ಕೂತುಬಿಟ್ಟಿತ್ತು. ಆಟ ಮುಗಿದ ಮೇಲೆ ಇವರು ತಿಗನಾರೆಗೆ ಹೋಗಿ ಅವ್ವನ ಕೈಯ ಮುದ್ದೆ ಉಂಡೇ ಬರುತ್ತಿದ್ದರು. ಭಾವ ಪಕ್ಕದಲ್ಲೇ ಕೂತು ಉಣ್ಣುತ್ತಾ, "ಅವ್ವ, ಬಂದಿರೋರ್ಗ ಸಾರ್ ಬೇಕಾ ಕೇಳು" ಎನ್ನುತ್ತಿದ್ದರಂತೆ. ಬಂದಿರುವವರು! ಒಡಹುಟ್ಟಿದವನಿಗೆ!

ಆದರೆ ಅಂಗಳದಲ್ಲಿ ಹಾಗಲ್ಲ. ಎರಡನೇ ಅರ್ಧ ಶುರುವಾಗುತ್ತಲೇ ಭಾವನ ಕಾಲಿಗೆ ಬಂದ ಚೆಂಡು ಇವರ ಕಾಲಿಗೇ ಹೋಗುತ್ತಿತ್ತು. ಕೂಗುವುದಿಲ್ಲ, ಸನ್ನೆ ಮಾಡುವುದಿಲ್ಲ, ಮುಖ ಎತ್ತಲೋ ಇರುತ್ತಿತ್ತು. ಚೆಂಡು ಮಾತ್ರ ಸೀದಾ ತಮ್ಮನ ಮುಂದಕ್ಕೆ ಬಂದು ಬೀಳುತ್ತಿತ್ತು. ಹೆಂಡತಿಯ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಒಂದು ದಿನ ಇವರನ್ನು ಕೇಳಿಯೇ ಬಿಟ್ಟೆ. ಅವರು ಕಾಲಿಗೆ ಹರಳೆಣ್ಣೆ ನೀವಿಕೊಳ್ಳುತ್ತಾ ತಲೆ ಎತ್ತದೆ ಹೇಳಿದರು: "ಮಾತ್ ಆಡ್ದೆ ಓದ್ರ ಓಗ್ಲಿ ಬುಡಮ್ಮಿ. ಚೆಂಡ್ ಕೊಡ್ತಾನಲ್ಲ." ನನಗೆ ಭಾವನ ಮೇಲೆ ಸಿಟ್ಟು ಬಂತು.

ಹೀಗಿರುವಾಗ ಒಂದು ಬೇಸಿಗೆ ಡ್ರಿಲ್ ಮೇಷ್ಟ್ರು ಕೆಳಗೆ ಹೋಗಿ ಬಂದವರು ಎರಡೂರಿನವರನ್ನೂ ಕೆರೆ ಏರಿಯ ಮೇಲೆ ಸೇರಿಸಿದರು. ಕಣ್ಣು ಹೊಳೆಯುತ್ತಿತ್ತು. ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಒಂದು ಗೋಪುರ ಬರೆದರು, ಕೆಳಗೆ ಅಗಲ, ಮೇಲೆ ಚೂಪು. ಜಿಲ್ಲೆಯ ಸಂಘದವರು ಲೀಗ್ ನಡೆಸುತ್ತಾರೆ, ಬೆಟ್ಟದ ತಂಡಗಳೂ ಬರಲಿ ಎಂದಿದ್ದಾರೆ. ಸೇರಿದವರು ಮೊದಲು ಈ ಕೆಳಗಿನ ಸಾಲಿನಲ್ಲಿ ಆಡಬೇಕು. ಗೆದ್ದರೆ ಅದರ ಮೇಲಿನ ಸಾಲು, ಆಮೇಲೆ ಜಿಲ್ಲೆಯ ದೊಡ್ಡ ಸಾಲು, ಆಮೇಲೆ ರಾಜ್ಯ. ಮುಂದೆ ಇಡೀ ದೇಶಕ್ಕೇ ಒಂದು ಹೀಗೆ ಕಟ್ಟಬೇಕು ಅನ್ನೋ ಮಾತೂ ನಡೆದಿದೆ ಎಂದು ಗೋಪುರದ ತುದಿಯಲ್ಲಿ ಕಡ್ಡಿ ಒತ್ತಿ ನಿಲ್ಲಿಸಿದರು.

ಅಪ್ಪ ಆ ಚಿತ್ರವನ್ನು ಬಗ್ಗಿ ನೋಡಿದರು. "ನಾವು ಆಗ್ಲೇ ಬೆಟ್ಟದ್ ಮೇಲ್ ಇದ್ದೀವಿ ಕಣಪ್ಪ ಮೇಷ್ಟ್ರೆ. ಮೇಲಕ್ ಓಗಕ ಕೆಳಕ್ ಇಳೀಬೇಕಾ?"

ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಆದರೆ ಹುಡುಗರ ಮುಖ ನೋಡಬೇಕಿತ್ತು. ಅದರಲ್ಲೂ ನಮ್ಮ ಗೋಲ್‌ಕೀಪರ್. ಕೂಲಿ ಕೇರಿಯ ಮಗ, ಉದ್ದ ಕೈ, ನಮ್ಮ ಹೊಲಕ್ಕೂ ಕೆಲಸಕ್ಕೆ ಬರುತ್ತಿದ್ದ. ಊರೊಳಗೆ ಅವನು ಯಾರ ಜಗಲಿಯ ಮೇಲೂ ಕೂರುತ್ತಿರಲಿಲ್ಲ. ಅಂಗಳದಲ್ಲಿ ಮಾತ್ರ ಎಲ್ಲರ ಮೇಲೂ ಕೂಗಾಡುತ್ತಿದ್ದ, ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಆ ಗೋಪುರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಾರೂ ತುಳಿಯದ ಹಾಗೆ ಕೈ ಅಡ್ಡ ಇಟ್ಟುಕೊಂಡಿದ್ದ.

ತಕರಾರುಗಳು ಬಂದವು. ಬೂಟು ಹಾಕಬೇಕಂತೆ. ಬೆಳೆ ಕಾಯುವ ಕಾಲದಲ್ಲೂ ಆಟವಂತೆ. "ಆನ್‌ಗ ಭಾನ್ವಾರ ಅಂತ ಗೊತ್ತಾಯ್ತದಾ?" ಎಂದು ಯಾರೋ ಕೇಳಿದರು. ಕೊನೆಗೆ, ಮೊದಲು ನಮ್ಮೂರ ತಂಡ ಒಂದು ಸಲ ಕೆಳಗೆ ಹೋಗಿ ಆಡಿ ತೋರಿಸುವುದು, ಸಂಘದವರು ನೋಡಲಿ, ನಾವೂ ನೋಡೋಣ, ಆಮೇಲೆ ಎರಡೂರೂ ಸೇರಿ ತೀರ್ಮಾನ ಎಂದಾಯಿತು.

ಕೋಸು ತುಂಬಿದ ಲಾರಿಯೊಂದರ ಮೇಲೆ ಹೊರಟರು. ನಾನೂ ಹೊರಟೆ. ಸಂತೆಯಲ್ಲಿ ಪಾತ್ರೆ ತರಬೇಕು ಎಂದು ಅಪ್ಪನಿಗೆ ಹೇಳಿದೆ. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಪಾತ್ರೆ ಸುಳ್ಳು ಎಂದು. ತಿಗನಾರೆಯಿಂದಲೂ ಕೆಲವರು ನೋಡಲು ಬಂದರು, ಅವರಲ್ಲಿ ಭಾವನೂ ಇದ್ದರು, ಲಾರಿಯ ಹಿಂದಿನ ಮೂಲೆಯಲ್ಲಿ ಹೊರಗೆ ಮುಖ ಮಾಡಿಕೊಂಡು. ದಿಂಬಂ ಘಾಟಿಯ ತಿರುವುಗಳನ್ನು ಇಳಿಯುವಷ್ಟರಲ್ಲಿ ಅರ್ಧ ತಂಡ ವಾಂತಿ ಮಾಡಿಕೊಂಡಿತ್ತು. ಕೆಳಗೆ ಸೆಕೆ, ಬೆಂಕಿ. ಹುಲ್ಲು ಬೆಳೆದ ಮೈದಾನ, ಸುಣ್ಣದ ಗೆರೆ, ಬಲೆ ಕಟ್ಟಿದ ಗೋಲು. ನಮ್ಮ ಹುಡುಗರು ಗೋಲಿನ ಬಲೆಯನ್ನು ಮುಟ್ಟಿ ಮುಟ್ಟಿ ನೋಡಿದರು.

ಎದುರಿನವರು ಕೆಂಪು ಶರ್ಟಿನ ತಂಡ. ಅವರ ಕಡೆ ಒಬ್ಬ ಯಾವುದೋ ಮದುವೆಗೆ ಹೋಗಿ ಬರಲೇ ಇಲ್ಲ. ಒಬ್ಬ ಕಮ್ಮಿಯಿಟ್ಟುಕೊಂಡೇ ಶುರು ಮಾಡಿದರು. ಮೊದಲರ್ಧದಲ್ಲಿ ನನ್ನ ಗಂಡ ಒಂದು ಗೋಲು ಹೊಡೆದರು. ಸಂಘದ ಕಾರ್ಯದರ್ಶಿ, ವಯಸ್ಸಾದ ಮನುಷ್ಯ, ಒಂದು ಕಾಲು ಎಳೆಯುತ್ತಾ ನಡೆಯುವವರು, ಗೆರೆಯ ಪಕ್ಕ ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಮೇಷ್ಟ್ರ ಸಂತೋಷ ಹೇಳತೀರದು.

ಆಮೇಲೆ ಬಂತು ನೋಡಿ. ನಮ್ಮ ಕ್ಯಾಪ್ಟನ್ ನನ್ನ ಚಿಕ್ಕಪ್ಪನ ಮಗ. ಮೊದಲಿನಿಂದಲೂ ಅವನಿಗೆ ಕಸಿವಿಸಿ. ಎದುರಿನವರಿಗೆ ಆಳು ಕಮ್ಮಿ, ನಮ್ಮಲ್ಲಿ ನೋಡಿದರೆ ಲಾರಿ ತುಂಬ ಆಳು, ಕೊಡದೆ ಆಡುವುದು ಯಾವ ಮರ್ಯಾದೆ? ಯಾರನ್ನೂ ಕೇಳಲಿಲ್ಲ. ಅರ್ಧ ಆಟದ ಸೀಟಿ ಊದಿದ ಕೂಡಲೇ ಇವರಿಗೆ, ಅಂದರೆ ಅವನಿಗೆ ಭಾವನಾಗುವವರಿಗೆ, ಹೇಳಿದ: "ಭಾವ, ನೀ ಓಗು ಆ ಕಡೀಕ." ಇವರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅರ್ಧ ಆಟ ಮುಗಿದರೆ ಆ ಕಡೆ ಹೋಗುವುದು ಅವರಿಗೆ ಅಭ್ಯಾಸವಾಗಿತ್ತು. ಬನೀನು ಕಳಚಿ ನನ್ನ ಕಡೆ ಎಸೆದು, ಮದುವೆಗೆ ಹೋದವನ ಕೆಂಪು ಶರ್ಟು ಕೇಳಿ ಹಾಕಿಕೊಂಡರು. ಇವರ ಜಾಗಕ್ಕೆ ಲಾರಿಯಿಂದ ಇನ್ನೊಬ್ಬ ಇಳಿದ. ಆ ಕಡೆಯವರು ಸಂಘವೇ ಯಾರನ್ನೋ ಕೊಟ್ಟಿದೆ ಎಂದುಕೊಂಡರಂತೆ. ಮೇಷ್ಟ್ರು ಕಾಫಿ ಕುಡಿಯಲು ಹೋಗಿದ್ದರು. ವಾಪಸ್ಸು ಬರುವಷ್ಟರಲ್ಲಿ ನನ್ನ ಗಂಡ ನಮ್ಮ ಗೋಲಿಗೇ ಎರಡು ಹೊಡೆದಿದ್ದರು.

ಅಯ್ಯೋ ಶಿವನೇ, ಆಮೇಲಿನ ಗದ್ದಲ ಕೇಳಬೇಡಿ. ಕಾರ್ಯದರ್ಶಿ ಕುಂಟುತ್ತಾ ಓಡಿ ಬಂದು, ಯಾರಯ್ಯಾ ಇವನು ಎಂದರು. ನಮ್ಮ ಕ್ಯಾಪ್ಟನ್ ಎದೆ ಉಬ್ಬಿಸಿಕೊಂಡು, "ನಮ್ಮ ಆಳುದಾನ್ ಸಾರ್, ನಾವೇ ಕುಡುತ್ತೋಂ" ಎಂದ, ನಮ್ಮ ಆಳೇ, ನಾವೇ ಕೊಟ್ಟೆವು ಎಂದು. ಮೆಚ್ಚಿಕೊಳ್ಳುತ್ತಾರೆಂದೇ ನಂಬಿದ್ದ, ಪಾಪ. ನೋಡಲು ಬಂದಿದ್ದವರು ಸುಮ್ಮನಿರುತ್ತಾರೆಯೇ? "ಕಾಸು ವಾಂಗಿಟ್ಟಾನ್ ಡಾ!" ಎಂದು ಒಬ್ಬ ಕೂಗಿದ, ದುಡ್ಡು ತಿಂದಿದ್ದಾನೆ ಎಂದು. ಅದನ್ನೇ ಹತ್ತು ಜನ ಕೂಗಿದರು. ಇವರು ಆ ಕೆಂಪು ಶರ್ಟಿನಲ್ಲಿ ಮೈದಾನದ ನಡುವೆ ಏನಾಯಿತೆಂದು ತಿಳಿಯದೆ ನಿಂತುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಗೆರೆ ದಾಟಿ ಹೋಗಿ, "ಯಾವನ್ಲಾ ಅಂದೋನು? ಮುಂದಕ್ ಬಾರ್ಲಾ!" ಎಂದು ಕನ್ನಡದಲ್ಲಿ ಶುರು ಮಾಡಿ, ಅರ್ಥವಾಗಲಿ ಎಂದು ತಮಿಳಿನಲ್ಲೂ ಒಂದು ಸುತ್ತು ಬೈದೆ. ಬೈಯುತ್ತಲೇ ತಿರುಗಿ ನೋಡಿದರೆ ಇವರ ಪಕ್ಕದಲ್ಲಿ ಭಾವ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಮಾತಿಲ್ಲ, ಕೈ ಹಿಡಿದಿಲ್ಲ, ಪಕ್ಕದಲ್ಲಿ ನಿಂತಿದ್ದರು, ಅಷ್ಟೆ.

ಕಾರ್ಯದರ್ಶಿ ಕೆಟ್ಟವರಲ್ಲ. ಜನರನ್ನು ಚದುರಿಸಿ, ನಮಗೆಲ್ಲ ಮರದ ಕೆಳಗೆ ಕಾಫಿ ಕೊಡಿಸಿ, ಸಮಾಧಾನವಾಗಿ ತಿಳಿಹೇಳಿದರು. ನಿಮ್ಮ ಮನಸ್ಸಿನಲ್ಲಿ ಕಪಟವಿಲ್ಲ, ಅದು ಕಾಣುತ್ತದೆ. ಆದರೆ ಲೀಗ್ ನಿಂತಿರುವುದೇ ಒಂದು ನಂಬಿಕೆಯ ಮೇಲೆ, ಯಾರು ಯಾವ ಶರ್ಟು ಹಾಕಿದ್ದಾನೋ ಅವನು ಆ ಶರ್ಟಿಗೇ ಆಡುತ್ತಾನೆ ಎಂದು. ಒಬ್ಬ ಆಳಿಗೆ ಒಂದೇ ಕ್ಲಬ್ಬು. ಸಹಿ ಹಾಕಿದ ಮೇಲೆ ವರ್ಷವಿಡೀ ಬೇರೆ ಯಾರಿಗೂ ಆಡಬಾರದು, ನಿಮ್ಮ ಕೆರೆಯಲ್ಲೂ ಆಡಬಾರದು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಇವರ ಮುಖ ನೋಡಿದೆ. ಕಾಫಿ ಲೋಟ ಕೈಯಲ್ಲೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ.

ಅಲ್ಲಿಂದ ಶುರುವಾಯಿತು ಎಳೆದಾಟ. ಎರಡೂರೂ ಸೇರುವುದಾದರೆ ಅಳಿಯ ಯಾರ ಕಡೆ? ಅಪ್ಪ, "ನಮ್ಮನೇಲಿ ಇರೋನು ನಮ್ಮೂರ್ಗ ತಾನೇ?" ಎಂದರು. ತಿಗನಾರೆಯ ಹಿರಿಯರು ಬಂದು ಅದೇ ಜಗಲಿಯ ಮೇಲೆ ಕೂತು, "ಉಟ್ದೂರ್ ಬುಟ್ಟಾನಾ?" ಎಂದರು. ಇವರು ಮಾತ್ರ ಮುದ್ದೆ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ನಮ್ಮೂರಿಗೆ ಸಹಿ ಹಾಕಿದರೆ ಅಣ್ಣನ ಕಾಲಿನ ಚೆಂಡು ಹೋಯಿತು. ತಿಗನಾರೆಗೆ ಹಾಕಿದರೆ ಉಣ್ಣುವ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಮನೆ ಅಳಿಯನ ಬಾಳು ಎಷ್ಟು ಸಣ್ಣ ಗೋಡೆಯ ಮೇಲಿನ ನಡಿಗೆ ಎಂದು ನನಗೆ ಆಗ ತಿಳಿಯಿತು. ಎರಡೂರಿನ ಗಂಡಸರ ಮೇಲೂ ನನಗೆ ವಿಪರೀತ ಸಿಟ್ಟು ಬಂತು.

ಸಿಟ್ಟು ಬಂದರೆ ನಾನು ಕೂರುವವಳಲ್ಲ. ಅತ್ತೆಗೆ ಅವರೆಕಾಳು ಕೊಟ್ಟು ಬರುತ್ತೇನೆಂದು ತಿಗನಾರೆಗೆ ನಡೆದೆ. ಭಾವ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದರು. ಗಂಡನ ಅಣ್ಣನ ಜೊತೆ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ಅತ್ತೆಯ ಕಡೆ ತಿರುಗಿ, ಹಿತ್ತಲಿಗೆ ಕೇಳುವ ಹಾಗೆ ಹೇಳಿದೆ:

"ಅತ್ತೆವ್ವಾ, ನಿಮ್ ದೊಡ್ ಮಗನ್ಗ ಯೋಳಿ. ಇವರು ಅನ್ನ ನೀರು ಬುಟ್ಟವ್ರೆ. ಒಂದ್ ಮಾತು, ಒಂದೇ ಮಾತು, ನೀ ಅಲ್ಲೇ ಆಡ್ಕಪ್ಪ ಅಂದ್ರ ಸಾಕು."

ಹಗ್ಗದ ಸದ್ದು ನಿಂತಿತು. ಹಿತ್ತಲಿಂದ ಉತ್ತರ ಬಂತು, ಅದೂ ಅತ್ತೆಗೇ. "ಸಯಿ ಆಕೋನ್ಗ ಕೈ ಅದೆಯಲ್ಲವ್ವ. ಅವ್ನ ಕೈಯ ನಾನೇನು ಇಡ್ಕಂಡಿದ್ದೀನಾ ಅಂತ ಕೇಳು."

ಅತ್ತೆ ಇಬ್ಬರನ್ನೂ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಅವರೆಕಾಳು ಸುರಿದು ದಾರಿಯುದ್ದಕ್ಕೂ ಭಾವನನ್ನು ಶಪಿಸಿಕೊಂಡು ಮನೆಗೆ ಬಂದೆ.

ತೀರ್ಮಾನದ ದಿನ ಭಾನುವಾರವೇ. ಎರಡೂರೂ ಕೆರೆ ಏರಿಯ ಮೇಲೆ ಸೇರಿದವು. ಗಂಡಸರು ಹುಣಸೆಮರದ ಕೆಳಗೆ, ಹೆಂಗಸರು ನಾವು ಇತ್ತ ಕಡೆ. ಮೇಷ್ಟ್ರು ಎಲ್ಲರ ಮುಂದೆ ನಿಂತು ಕೈ ಮುಗಿದು ಕೇಳಿಕೊಂಡರು. "ನಾನು ಇಷ್ಟು ವರ್ಷ ಇಲ್ಲಿ ಇದ್ದದ್ದು ಇದಕ್ಕೇ. ನಿಮ್ಮ ಪಿಳ್ಳೆಗಳು, ಮಕ್ಕಳು, ಯಾರಿಗೂ ಕಮ್ಮಿ ಇಲ್ಲೆ. ಒಂದು ವರ್ಷ, ಒಂದೇ ವರ್ಷ ಆಡಿ ನೋಡೋಣ" ಎಂದರು. ಆ ಕ್ಷಣಕ್ಕೆ ನನಗೂ ಸೇರಿಬಿಡಲಿ ಅನ್ನಿಸಿತು. ಗೋಲ್‌ಕೀಪರ್ ಗುಂಪಿನ ಹೊರಗಡೆ ನಿಂತು ತುಟಿ ಕಚ್ಚಿಕೊಂಡು ಎಲ್ಲರ ಮುಖ ನೋಡುತ್ತಿದ್ದ.

ಸೇರೋಣ ಎಂಬ ಮಾತೇ ಮೇಲಾಯಿತು. ಹಾಗಾದರೆ ಅಳಿಯ ಹೇಳಲಿ, ಯಾರ ಕಡೆ ಎಂದು ಎಲ್ಲರೂ ಇವರ ಕಡೆ ತಿರುಗಿದರು. ಇವರು ಎದ್ದು ನಿಂತರು. ಮೈಮೇಲೆ ಬನೀನು ಇರಲಿಲ್ಲ. ಬೆಳಗ್ಗೆಯೇ ಅದನ್ನು ಮಡಚಿ ನನ್ನ ಕೈಗೆ ಕೊಟ್ಟು ಬಂದಿದ್ದರು, ಭುಜಕ್ಕೆ ಒಂದು ಟವಲು ಅಷ್ಟೆ.

"ನಾನು ಯಾವ್ ಕಡೀಕೂ ಸಯಿ ಆಕಲ್ಲ. ತಕರಾರೆಲ್ಲ ನಾನೊಬ್ಬ ಇರೋದ್ರಿಂದ ತಾನೇ? ಇವತ್ತಿಂದ ನಾನ್ ಆಟ ಬುಟ್ಟೆ. ಎರಡೂರೂ ಸೇರ್ಕಳಿ. ಚೆನ್ನಾಗ್ ಆಡಿ." ಎಂದು ಕೂತುಬಿಟ್ಟರು.

ಅಪ್ಪ ನೆಲ ನೋಡಿದರು. ನನ್ನ ಕೈಯಲ್ಲಿದ್ದ ಬನೀನನ್ನು ಮುದ್ದೆ ಮಾಡಿ ಹಿಡಿದಿದ್ದೆ. ಅಷ್ಟರಲ್ಲಿ ಹುಣಸೆಮರದ ಬುಡದಲ್ಲಿ ಯಾರೋ ದಡಕ್ಕನೆ ಎದ್ದರು. ಭಾವ.

"ಯಾರ್ನ ಕೇಳಿ ಆಟ ಬುಟ್ಟಲಾ ನೀನು?"

ಎಲ್ಲರೂ ಬೆಚ್ಚಿಬಿದ್ದರು. ಭಾವ ಜನರನ್ನು ದಾಟಿಕೊಂಡು ಸೀದಾ ಇವರ ಮುಂದೆ ಹೋಗಿ ನಿಂತರು.

"ಥೂ, ಮಂಕ್‌ಮುಂಡೇದೆ! ಮನೆ ಬುಟ್ಟು ಓದ, ಸುಮ್ನಿದ್ದೆ. ಎತ್ತು ನೇಗ್ಲು ಬುಟ್ಟು ಓದ, ಸುಮ್ನಿದ್ದೆ. ಈಗ ಆಟವ ಬುಡ್ತಾನಂತ, ಆಟವ! ಈಜ್ ಕಲಿಸ್ದೋನ್ ನಾನು, ಸೈಕಲ್ ಕಲಿಸ್ದೋನ್ ನಾನು, ಬುಡು ಅಂತ ನಾ ಯೋಳ್ದ್ನಾ? ಭಾನ್ವಾರ ಬತ್ತಾನ ಅಂತ ಅವ್ವ ಎರಡ್ ಮುದ್ದ ಜಾಸ್ತಿ ತಿರುವ್ತಾಳಲ್ಲ, ಅದ್ಕೇನ್ ಯೋಳೀಯೆ ನೀನು? ನೀ ಆಡ್ದೆ ಓದ್ರ ನಾ ಯಾರ್‌ಗ್ಲಾ ಚೆಂಡ್ ಕೊಡ್ಲಿ? ಆ ಗಳೀಗ ಕೊಡ್ಲಾ? ಯೋಳ್ಲಾ, ಬಾಯಿಲ್ವ ನಿಂಗ? ಯೋಳು!"

ಬಾಯಿಲ್ಲವೇ ಎಂದು ಕೇಳುತ್ತಿದ್ದವರು ಯಾರು ನೋಡಿ! ಇವರು ಕೂತಲ್ಲೇ ಮುಖ ಎತ್ತಿ ಅಣ್ಣನನ್ನು ನೋಡಿದರು. ಕಣ್ಣಲ್ಲಿ ನೀರು ದಳದಳನೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಬುಡಲ್ಲ ಕಣಣ್ಣ" ಎಂದರು. ಅಷ್ಟೇ. ಭಾವ ಇನ್ನೂ ಏನೋ ಬೈಯಲು ಬಾಯಿ ತೆಗೆದು, ಬರದೆ, ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡರು. ಹೆಂಗಸರ ಕಡೆ ನಾವೆಲ್ಲ ಅಳುತ್ತಿದ್ದೆವು.

ಆಮೇಲೆ ಅಪ್ಪ ಎದ್ದು ಮೇಷ್ಟ್ರ ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡರು. "ಮೇಷ್ಟ್ರೆ, ತಾಂಬೂಲ ಬದ್ಲಾಯ್ಸುವಾಗ ಮಾತ್ ಕೊಟ್ಟೋನು ನಾನು. ಅರ್ಧ ಅವ್ರ್ಗೆ ಅಂತ. ಅದ ಈಗ ಕಿತ್ಕಳಕ್ ಆಗಲ್ಲ. ನೀವ್ ಬೇಜಾರ್ ಮಾಡ್ಕಬೇಡಿ" ಎಂದರು. ಎರಡೂರಿನ ಹಿರಿಯರೂ ತಲೆಯಾಡಿಸಿದರು. ಲೀಗ್ ಬೇಡ ಎಂದಾಯಿತು.

ಮೇಷ್ಟ್ರ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವರು ಒಂದು ಮಾತೂ ಒರಟಾಗಿ ಆಡಲಿಲ್ಲ. "ಸರಿ, ಸರಿ. ಅಣ್ಣ ತಮ್ಮ ಪೇಸಿಟ್ಟಾರ್ ಇಲ್ಲಿಯಾ, ಮಾತಾಡಿದರಲ್ಲ, ಅದು ಪೋದುಂ, ಸಾಕು" ಎಂದು ಎರಡು ಭಾಷೆಯಲ್ಲೂ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆಗ ಗುಂಪಿನ ಹೊರಗಿನಿಂದ ಗೋಲ್‌ಕೀಪರ್ ಕೇಳಿದ: "ಬುದ್ದಿ, ನಾನೊಬ್ಬ ಓಗ್ಬೋದಾ?" ಅಪ್ಪ ಅವನನ್ನು ನೋಡಿದರು. "ಓಗಪ್ಪ. ನಿನ್ನ ಇಡ್ಕಳಕ ನಾವ್ಯಾರು" ಎಂದರು. ಮುಂದೆ ಮೇಷ್ಟ್ರೇ ಅವನನ್ನು ಕೆಳಗೆ ಕರೆದುಕೊಂಡು ಹೋಗಿ ಒಂದು ಗಿರಣಿಯ ತಂಡಕ್ಕೆ ಸೇರಿಸಿದರು, ಅಲ್ಲೇ ಕೆಲಸವೂ ಸಿಕ್ಕಿತು. ಗೋಪುರದಲ್ಲಿ ಅವನು ಎರಡು ಸಾಲು ಹತ್ತಿದ ಎಂದು ಕೇಳಿದೆವು. ಹಬ್ಬಕ್ಕೆ ಊರಿಗೆ ಬಂದಾಗ ಕೆರೆ ಏರಿಯ ಮೇಲೆ ನನ್ನಿಂದ ಸ್ವಲ್ಪ ದೂರದಲ್ಲಿ ಬೂಟು ಹಾಕಿಕೊಂಡು ಕೂತಿರುತ್ತಿದ್ದ. ಸಹಿ ಹಾಕಿದವನು, ಆಡುವ ಹಾಗಿಲ್ಲ. ಗೋಲಿನ ಕಡೆ ಚೆಂಡು ಬಂದಾಗಲೆಲ್ಲ ಅವನ ಕೈ ತಾನಾಗಿ ಮೇಲೇಳುತ್ತಿತ್ತು. ಅವನಂತೆ ಇನ್ನೂ ಯಾರು ಯಾರು ಹೋಗಬಹುದಿತ್ತೋ, ನಮ್ಮ ತೀರ್ಮಾನದಿಂದ ಯಾರ ದಾರಿ ಅಲ್ಲೇ ನಿಂತಿತೋ, ಹೇಳಲಾರೆ. ಅದನ್ನು ನೆನೆದಾಗ ಮೇಷ್ಟ್ರ ಮುಗಿದ ಕೈಗಳು ಕಣ್ಣ ಮುಂದೆ ಬರುತ್ತವೆ.

ಇದೆಲ್ಲ ಆಮೇಲಿನ ಮಾತು. ಅವತ್ತು ಸಂಜೆ ಎಂದಿನ ಹಾಗೆ ಆಟವಾಯಿತು. ಮೇಷ್ಟ್ರೇ ಸೀಟಿ ಊದಿದರು. ಮೊದಲರ್ಧ ಇವರು ನಮ್ಮೂರಿಗೆ ಆಡಿದರು. ಅರ್ಧಕ್ಕೆ ಬನೀನು ನನ್ನ ಮಡಿಲಿಗೆ ಬಂದು ಬಿತ್ತು. ಆಮೇಲೆ ಎರಡೂರಿನವರೂ ಆಟ ನೋಡುವುದು ಬಿಟ್ಟು ಭಾವನನ್ನೇ ನೋಡಿದರು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದದ್ದನ್ನೆಲ್ಲ ಆ ಅರ್ಧ ಆಟದಲ್ಲಿ ತೀರಿಸಿಕೊಂಡರು. "ಎತ್ಲಾಗ್ ನೋಡೀಯೆ ಕತ್ತೆ!" "ಓಡ್ಲಾ, ಮಾವನ್ ಮನೆ ತುಪ್ಪ ಕಾಲ್ಗಿಳ್ದದ!" "ಕೊಟ್ಟೆ ಕಣ್ಲಾ, ಇಡ್ಕ!" ಇವರು ಎದುರಿಗೆ ಯಾರೂ ಇಲ್ಲದ ಗೋಲನ್ನೂ ತಪ್ಪಿಸಿದರು. ತಿಗನಾರೆಯವರು ಸೋತರು, ಸೋತದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅತ್ತೆಯ ಮನೆಯಲ್ಲಿ ಉಂಡು ನಾವಿಬ್ಬರೂ ಪಣಕಹಳ್ಳಿಯ ದಾರಿ ಹಿಡಿದಾಗ ಇನ್ನೂ ಬೆಳಕಿತ್ತು. ಅವರು ಮುಂದೆ, ನಾನು ಬನೀನು ಹೆಗಲಿಗೆ ಹಾಕಿಕೊಂಡು ಹಿಂದೆ.

"ಅಣ್ಣ ಬಯ್ದ ಕಣಮ್ಮಿ" ಎಂದರು.

"ಇಡೀ ಬೆಟ್ಟಕ್ಕೇ ಕೇಳಿಸ್ತು" ಎಂದೆ.

"ಏನಂದ ಅವ್ನು? ಮೊದಲ್ನೇದು ನೆಟ್ಗ ಕೇಳಿಸ್ಕಳ್ಳಿಲ್ಲ ನಾನು. ಯೋಳಮ್ಮಿ, ಏನಂದ?"

ಕಟ್ಟಿಕೊಂಡ ಗಂಡನನ್ನು ಹಾಗೆಲ್ಲ ಅನ್ನುವುದು ಹೇಗೆ ಎಂದು ಸ್ವಲ್ಪ ಹಿಂದೆ ಮುಂದೆ ನೋಡಿದೆ. ಅವರು ನಿಂತು ತಿರುಗಿ ಕಾಯುತ್ತಿದ್ದರು. "ಯಾರ್ನ ಕೇಳಿ ಆಟ ಬುಟ್ಟಲಾ ನೀನು, ಥೂ ಮಂಕ್‌ಮುಂಡೇದೆ" ಎಂದೆ. "ಆಮ್ಯಾಕ?" ಎಂದರು. ಆಮೇಲಿನದನ್ನೂ ಹೇಳಿದೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಕೇಳಿದರು. ಊರು ಬರುವವರೆಗೂ ನನ್ನ ಗಂಡನನ್ನು ಅವರಣ್ಣನ ಮಾತಿನಲ್ಲೇ ಬೈದುಕೊಂಡು ಬಂದೆ, ಅವರು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಮುಂದೆ ನಡೆದರು.